ಮೂವತ್ತೆರಡನೇ ಮನೆ

ಮರಿಯಪ್ಪ ಮೇಸ್ತ್ರಿ ಮನೆ ಮಾರುತ್ತಾನಂತೆ ಎಂಬ ಸುದ್ದಿ ಹಬ್ಬಿದಾಗ ಕಾಮಾಕ್ಷಿಪಾಳ್ಯದಲ್ಲಿ ಯಾರೂ ನಂಬಲಿಲ್ಲ. ಹೇಗೆ ನಂಬುವುದು? ಇಪ್ಪತ್ತೆರಡು ವರ್ಷಗಳಿಂದ ಆ ಮನುಷ್ಯ ಸಂಜೆಯಾದರೆ ಜಗಲಿಯ ಮೇಲೆ ಕೂತು, ದಾರಿಯಲ್ಲಿ ಹೋಗುವವರನ್ನು ಕರೆದು ಕೂರಿಸಿ, ಬೆರಳ ಗೆಣ್ಣಿನಿಂದ ಗೋಡೆ ಕುಟ್ಟಿ, "ಕೇಳಿಸ್ತಾ ಸದ್ದು? ಕಂಚು ಕಣಯ್ಯಾ, ಕಂಚು" ಎನ್ನುತ್ತಿದ್ದ. ಎಲೆ ಅಡಿಕೆ ಕೊಟ್ಟೇ ಹೇಳುತ್ತಿದ್ದುದರಿಂದ ಕೇಳುವವರಿಗೂ ಬೇಸರವಿರಲಿಲ್ಲ. ಆ ಮನೆಯ ಒಂದೊಂದು ಇಟ್ಟಿಗೆಯನ್ನೂ ಅವನೇ ಆರಿಸಿದ್ದ, ಅವನೇ ಇಟ್ಟಿದ್ದ. ಹೆಂಡತಿ ಲಿಂಗಮ್ಮ ತಲೆಯ ಮೇಲೆ ಗಾರೆ ಹೊತ್ತಿದ್ದಳು. ಅಂಥ ಮನೆಯನ್ನು ಮಾರುವುದೆಂದರೇನು?

ಮಾರುವುದಕ್ಕಿದ್ದ ಕಾರಣವೂ ಹೆಮ್ಮೆಯದೇ. ಏಳೆಂಟು ವರ್ಷಗಳಿಂದ ಮರಿಯಪ್ಪ ರಾಜಾಜಿನಗರದಲ್ಲಿ ಬೇರೆಯವರಿಗೆ ಮನೆ ಕಟ್ಟುತ್ತಿದ್ದ. ಗುಮಾಸ್ತರಿಗೆ, ಮಿಲ್ಲಿನವರಿಗೆ, ಅಂಗಡಿಯವರಿಗೆ ಎಲ್ಲರಿಗೂ ಕಟ್ಟಿ ಕೊಟ್ಟು, ಸಂಜೆ ತೂಗುಗುಂಡು, ಕರಣಿ ಚೀಲಕ್ಕೆ ಹಾಕಿಕೊಂಡು ಪಾಳ್ಯಕ್ಕೆ ವಾಪಸಾಗುತ್ತಿದ್ದ. ಹೋದ ವರ್ಷ ಅವನ ಹೆಸರಿಗೂ ಅಲ್ಲೊಂದು ಸೈಟು ಬಂತು. ಕಾಗದ ಕೈಗೆ ಬಂದ ದಿನ ಅವನು ಲಿಂಗಮ್ಮನನ್ನು ಕರೆದುಕೊಂಡು ಹೋಗಿ, ನಾಲ್ಕು ಗೂಟಗಳ ನಡುವೆ ನಿಲ್ಲಿಸಿ, "ಇಲ್ಲಿ ನಿನ್ನ ಅಡುಗೆಮನೆ ಕಣೇ" ಎಂದಿದ್ದ. ಲಿಂಗಮ್ಮ ಆ ಬಯಲಲ್ಲೇ ಒಲೆ ಯಾವ ಕಡೆ ಎಂದು ಕೇಳಿದ್ದಳು. ಆದರೆ ಸೈಟಿನ ಜೊತೆಗೆ ಕರಾರೂ ಬಂದಿತ್ತು. ಎರಡು ವರ್ಷದೊಳಗೆ ಮನೆ ಎಬ್ಬಿಸಬೇಕು, ಇಲ್ಲದಿದ್ದರೆ ಸೈಟು ವಾಪಸು. ಒಂದು ವರ್ಷ ಆಗಲೇ ಕಳೆದಿತ್ತು. ಈ ಮನೆ ಮಾರದೆ ಆ ಮನೆ ಏಳುವುದು ಸಾಧ್ಯವಿರಲಿಲ್ಲ.

ಮಾರುವುದು ಸರಿ, ಯಾರ ಕೈಲಿ ಮಾರಿಸುವುದು? ಮರಿಯಪ್ಪನ ಚಿಂತೆಯೆಲ್ಲ ಅದೇ. ಮನೆ ಎಂಥದ್ದು ಎಂದು ತಿಳಿದವನು ಬೇಕು. ನೆಲದ ಬೆಲೆಗೆ ಕೊಡಿಸಿ, ಬಂದವನು ಗೋಡೆ ಉರುಳಿಸಿ ತಗಡಿನ ಶೆಡ್ಡು ಹಾಕಿದರೆ? ಮಾಗಡಿ ರಸ್ತೆಯ ಉದ್ದಕ್ಕೂ ಆಗ ಅದೇ ನಡೆಯುತ್ತಿತ್ತು.

"ರಾಮಕ್ಕ ಕೇಳ್ತಿದ್ಲು" ಎಂದಳು ಲಿಂಗಮ್ಮ. "ನಾನು ಮಾರಿಸಿಕೊಡ್ತೀನಿ ಅಂತಾಳೆ."

"ಹೂವು ಮಾರೋಳು ಮನೆ ಮಾರ್ತಾಳಾ? ಮನೇನೂ ಮೊಳದ ಲೆಕ್ಕದಲ್ಲಿ ಮಾರ್ತಾಳೇನು?"

"ಎಷ್ಟೋ ಜನಕ್ಕೆ ಬಾಡಿಗೆ ಮನೆ ಹುಡುಕಿಕೊಟ್ಟಿದ್ದಾಳೆ ಕಣ್ರೀ. ಹೆಗ್ಗನಹಳ್ಳಿ ದಾರೀಲಿ ಎರಡು ಮನೆ ಮಾರಿಸಿಯೂ ಇದಾಳೆ. ದಿನಾ ನೂರು ಬಾಗಿಲು ನೋಡೋಳು."

"ಸುಮ್ನಿರು" ಎಂದು ಮರಿಯಪ್ಪ ಮಾತು ಮುರಿದ.

ಅವನು ಮಾತು ಮುರಿದದ್ದು ಹೂವಿನ ಕಾರಣಕ್ಕಲ್ಲ. ಹೂವು ಮಾರುವುದಕ್ಕೆ ಮೊದಲು ರಾಮಕ್ಕ ತಾರಸಿ ಬಡಿಯುವ ಕೆಲಸದವಳಾಗಿದ್ದಳು, ಅವನ ಕೈಕೆಳಗೇ. ಆ ಕಾಲದ ತಾರಸಿಯೆಂದರೆ ಮರದ ತೊಲೆಗಳ ಮೇಲೆ ತೆಳು ಇಟ್ಟಿಗೆ ಜೋಡಿಸಿ, ಮೇಲೆ ಸುಣ್ಣದ ಗಾರೆ ಹಾಕಿ, ಬೆಲ್ಲದ ನೀರು, ಅಳಲೆಕಾಯಿ ನೀರು ಚಿಮುಕಿಸುತ್ತ ಹೆಂಗಸರು ಸಾಲಾಗಿ ಕೂತು ಮರದ ಬಡಿಗೆಯಿಂದ ಬಡಿಯಬೇಕು. ದಿನಗಟ್ಟಲೆ ಬಡಿಯಬೇಕು. ಮೊದಲು ಸದ್ದು ಮಂಕಾಗಿರುತ್ತದೆ, ಹಿಟ್ಟಿನ ಮುದ್ದೆಗೆ ಹೊಡೆದ ಹಾಗೆ. ಗಾರೆ ಕೂತ ಮೇಲೆ ಬಡಿಗೆ ತಾನಾಗಿ ಮೇಲಕ್ಕೆ ಪುಟಿಯುತ್ತದೆ, ಸದ್ದು ಖಣಿಲು ಎನ್ನುತ್ತದೆ. ಆಗ ಮೇಸ್ತ್ರಿ "ಸಾಕು" ಎನ್ನುತ್ತಾನೆ. ಅಲ್ಲಿಯವರೆಗೆ ಯಾರೂ ಏಳುವಂತಿಲ್ಲ.

ಹದಿನಾರು ವರ್ಷಗಳ ಹಿಂದೆ, ನಲವತ್ತೆರಡನೇ ಇಸವಿಯಲ್ಲಿ, ತೆಂಗಿನ ಮರದ ಬೀದಿಯಲ್ಲಿ ಬಸವ್ವ ಎಂಬಾಕೆಯ ಮನೆಗೆ ಮರಿಯಪ್ಪ ತಾರಸಿ ಹಾಕಿದ್ದ. ಧಾರವಾಡದ ಕಡೆಯಿಂದ ಬಂದ ಕುಟುಂಬ, ಗೃಹಪ್ರವೇಶದ ಮುಹೂರ್ತ ಹತ್ತಿರ ಬಂದಿತ್ತು. ನಾಲ್ಕನೇ ದಿನ ಸಂಜೆ ಅವನು "ಸಾಕು" ಎಂದ. ಸಾಲಿನಲ್ಲಿ ಕೂತಿದ್ದ ರಾಮಕ್ಕ ತಲೆಯೆತ್ತಿ, "ಮೇಸ್ತ್ರಿ, ಸದ್ದು ಇನ್ನೂ ಮಂಕಾಗೇ ಅದೆ. ಇನ್ನೊಂದು ದಿನ ಬೇಕು" ಎಂದಳು. ಹದಿನೈದು ಹೆಂಗಸರ ಎದುರಿಗೆ. ಮರಿಯಪ್ಪನ ಮುಖ ಕೆಂಪಾಯಿತು. "ನನಗೇ ಹೇಳಿಕೊಡ್ತೀಯಾ? ಏಳು ಮೇಲೆ" ಎಂದ. ರಾಮಕ್ಕ ಬಡಿಗೆ ಕೆಳಗಿಟ್ಟು ಎದ್ದಳು. ಮೊದಲ ದೊಡ್ಡ ಮಳೆಗೆ ಆ ತಾರಸಿ ಸೋರಿತು.

ಆಮೇಲೆ ಅವನು ಹೋಗಿ ಸರಿ ಮಾಡಿ ಬಂದ, ಅದು ಬೇರೆ ಮಾತು. ಆದರೆ ಅಂದಿನಿಂದ ಮರಿಯಪ್ಪ ತೆಂಗಿನ ಮರದ ಬೀದಿಯಲ್ಲಿ ಕಾಲಿಟ್ಟಿರಲಿಲ್ಲ. ರಾಜಾಜಿನಗರಕ್ಕೆ ಅದೇ ನೇರ ದಾರಿ. ಅವನು ಮಾತ್ರ ಹದಿನಾರು ವರ್ಷದಿಂದ ಸುಣ್ಣದ ಗೂಡಿನ ಕಡೆಯಿಂದ ಬಳಸಿಕೊಂಡು ಹೋಗುತ್ತಿದ್ದ. ಆಮೇಲೆ ಮಂಡಿನೋವು ಬಂದು ರಾಮಕ್ಕ ಬಡಿಯುವ ಕೆಲಸ ಬಿಟ್ಟು ಹೂವಿನ ಬುಟ್ಟಿ ಹಿಡಿದಳು. ದಿನಾ ಅವನ ಮನೆಗೂ ಹೂವು ತರುತ್ತಿದ್ದಳು. ಸೋರಿದ ತಾರಸಿಯ ಮಾತು ಒಮ್ಮೆಯೂ ಎತ್ತಿರಲಿಲ್ಲ. ಎತ್ತದಿದ್ದದ್ದೇ ಮರಿಯಪ್ಪನಿಗೆ ಇನ್ನೂ ಇರುಸುಮುರುಸು. ಕೊಳ್ಳಲು ಬಂದವರು, "ಮೇಸ್ತ್ರಿ ಕೆಲಸ ಹೇಗೆ?" ಎಂದು ಕೇಳಿದರೆ ಅವಳು ಏನು ಹೇಳುತ್ತಾಳೋ?

ಅದಕ್ಕೇ ಅವನು ಮೊದಲು ವೆಂಕಟಸ್ವಾಮಿಗೆ ಹೇಳಿ ಕಳಿಸಿದ. ವೆಂಕಟಸ್ವಾಮಿ ಮೂವತ್ತು ವರ್ಷ ಸಂತೆಗಳಲ್ಲಿ ದನದ ದಲ್ಲಾಳಿಯಾಗಿದ್ದವನು, ಈಚೆಗೆ ಮನೆ ವ್ಯಾಪಾರಕ್ಕೆ ಇಳಿದಿದ್ದ. ಮರಿಯಪ್ಪ ಮನಸ್ಸಿನಲ್ಲೇ ಒಂದು ಪರೀಕ್ಷೆ ಇಟ್ಟುಕೊಂಡಿದ್ದ. ಮನೆಯೊಳಗೆ ಬಂದವನು ತಲೆಯೆತ್ತಿ ತಾರಸಿ ನೋಡಬೇಕು. ನೋಡಿದರೆ ಅವನಿಗೆ ಮನೆ ಗೊತ್ತು, ನೋಡದಿದ್ದರೆ ಗೊತ್ತಿಲ್ಲ, ಅಷ್ಟೆ.

ವೆಂಕಟಸ್ವಾಮಿ ಮನೆಯ ಸುತ್ತ ಎರಡು ಸುತ್ತು ಬಂದ. ಗೋಡೆಯನ್ನು ಎತ್ತಿನ ಬೆನ್ನು ತಟ್ಟುವಂತೆ ತಟ್ಟಿದ. ಹಿತ್ತಿಲಿಗೆ ಹೋಗಿ ಬಗ್ಗಿ ನೋಡಿದ, ಏನನ್ನು ಎಂಬುದು ಅವನಿಗೇ ಗೊತ್ತು. ಆಮೇಲೆ ಜಗಲಿಯ ಮೇಲೆ ಕೂತು, ಹೆಗಲ ಮೇಲಿನ ಟವೆಲು ತೆಗೆದು ಮರಿಯಪ್ಪನ ಕೈ ಮೇಲೆ ಹೊದಿಸಿ, ಅದರಡಿ ತನ್ನ ಕೈ ತೂರಿಸಿದ. ಸಂತೆಯಲ್ಲಿ ಸುತ್ತ ನಿಂತವರಿಗೆ ತಿಳಿಯದಿರಲಿ ಎಂದು ಬೆರಳು ಹಿಡಿದು ಬೆಲೆ ಹೇಳುವ ಪದ್ಧತಿ ಅದು.

"ಇಲ್ಲಿ ಯಾರಿದ್ದಾರೆ ಕದ್ದು ಮಾತಾಡೋಕೆ?" ಎಂದ ಮರಿಯಪ್ಪ.

"ಪದ್ಧತಿ ಪದ್ಧತೀನೇ ಮೇಸ್ತ್ರಿ. ಬೆರಳು ಹಿಡೀರಿ."

"ತಾರಸಿ ನೋಡಿದೆಯಾ?"

"ತಾರಸಿ ಇಲ್ದೆ ಮನೆ ಇರ್ತದಾ? ಇರ್ತದೆ ಬಿಡಿ."

ಮರಿಯಪ್ಪ ಟವೆಲಿನಡಿಯಿಂದ ಕೈ ಎಳೆದುಕೊಂಡ. ವೆಂಕಟಸ್ವಾಮಿ ಹೋದ ಮೇಲೆ ಲಿಂಗಮ್ಮ ಬಾಗಿಲಲ್ಲಿ ನಿಂತು, "ಪುಣ್ಯ, ಹಲ್ಲು ಎಣಿಸಲಿಲ್ಲ" ಎಂದು ನಕ್ಕಳು.

ಎರಡನೆಯವನು ಚನ್ನಕೇಶವ. ಇವನ ವರಸೆಯೇ ಬೇರೆ. ಕೋಟು, ಕೊಡೆ, ಕಿವಿಯ ಮೇಲೆ ಪೆನ್ಸಿಲ್ಲು. ಮಾಗಡಿ ರಸ್ತೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಹೊರಗೆ ಬೋರ್ಡು ತೂಗುಹಾಕಿ, ಒಳಗೆ ಎರಡು ಕುರ್ಚಿ ಹಾಕಿಕೊಂಡಿದ್ದ. ಜಾಗದ ಉದ್ದ ಕೇಳಿದ, ಅಗಲ ಕೇಳಿದ, ರಸ್ತೆ ಯಾವ ದಿಕ್ಕಿಗೆ ಎಂದು ಕೇಳಿದ. ಗೋಡೆ ಯಾವುದರದ್ದು ಎಂದು ಕೇಳಲಿಲ್ಲ. ತಲೆಯೆತ್ತಿ ನೋಡಿದ್ದು ನಿಜ, ಆದರೆ ಅದು ಹಲ್ಲಿ ಲೊಚಗುಟ್ಟಿತೆಂದು.

"ಹದಿನೈದು ದಿನ ಸಾಕು ನನಗೆ" ಎಂದ ಚನ್ನಕೇಶವ. "ಪಾರ್ಟಿ ರೆಡಿ ಇದಾರೆ."

ಮರಿಯಪ್ಪನಿಗೆ ಮನಸ್ಸಿರಲಿಲ್ಲ. ಆದರೆ ಇವನನ್ನು ಬಿಟ್ಟರೆ ಉಳಿದವಳು ರಾಮಕ್ಕ. ಆ ಯೋಚನೆ ಬಂದ ಕೂಡಲೆ, "ಆಗಲಿ" ಎಂದುಬಿಟ್ಟ.

ಹತ್ತನೇ ದಿನ ಚನ್ನಕೇಶವ ಒಬ್ಬರನ್ನು ಕರೆತಂದ. ಕಬ್ಬಿಣದ ಕೆಲಸದ ಕಾರ್ಖಾನೆಯವರು, ದೊಡ್ಡ ಮೀಸೆ, ಕೈಗಡಿಯಾರ. ಅವರು ಬಾಗಿಲಲ್ಲಿ ಚಪ್ಪಲಿ ಬಿಡಲಿಲ್ಲ. ನಡುಮನೆಯಲ್ಲಿ ನಿಂತು, ಬೂದುಗುಂಬಳ ಕೊಳ್ಳಲು ಬಂದವರ ಹಾಗೆ ಸುತ್ತ ಒಮ್ಮೆ ಕಣ್ಣಾಡಿಸಿ, ಚನ್ನಕೇಶವನ ಕಡೆ ತಿರುಗಿ, "ಇದನ್ನೆಲ್ಲ ಉರುಳಿಸೋಕೆ ಎಷ್ಟು ದಿನ ಬೇಕು?" ಎಂದು ಕೇಳಿದರು.

"ನಾಲ್ಕಾಳು ಬಿಟ್ರೆ ಎರಡು ದಿನ ಸಾರ್" ಎಂದ ಚನ್ನಕೇಶವ.

ಮರಿಯಪ್ಪನಿಗೆ ಬಂದ ಸಿಟ್ಟು ಎರಡು ಬಗೆಯದು. ಮನೆ ಉರುಳಿಸುತ್ತೇನೆ ಅಂದದ್ದಕ್ಕೆ ಒಂದು. ಎರಡೇ ದಿನ ಅಂದದ್ದಕ್ಕೆ ಇನ್ನೊಂದು. ನಿಜ ಹೇಳಬೇಕೆಂದರೆ ಎರಡನೆಯದೇ ಜಾಸ್ತಿ.

"ಎರಡು ದಿನವಾ?" ಎಂದ. "ಸ್ವಾಮಿ, ಈ ಗೋಡೆಗೆ ಹಾಕಿರೋ ಗಾರೆ ಒಂದು ತಿಂಗಳು ಗಾಣದಲ್ಲಿ ಅರೆದದ್ದು. ನಿಮ್ಮ ನಾಲ್ಕಾಳು ಎರಡು ದಿನದಲ್ಲಿ ಸುಣ್ಣ ಕೆರೀಬಹುದು ಅಷ್ಟೆ. ಹಾರೆ ಸವೆದು ಕಡ್ಡಿ ಆಗ್ತದೆ, ನಿಮಗೆ ಹಾರೆ ಖರ್ಚೇ ಜಾಸ್ತಿ. ನನ್ನ ಮಾತು ಕೇಳಿ, ಬೇರೆ ಮನೆ ನೋಡ್ಕೊಳ್ಳಿ."

ಚನ್ನಕೇಶವ ಅವನನ್ನು ಪಕ್ಕಕ್ಕೆ ಕರೆದು, "ಮೇಸ್ತ್ರಿ, ನೀವು ಕೇಳಿದ್ದಕ್ಕಿಂತ ಮೇಲೆ ಕೊಡ್ತಾರೆ. ತಗೊಂಡ ಮೇಲೆ ಅವರು ಏನು ಮಾಡಿದ್ರೆ ನಿಮಗೇನು?" ಎಂದ.

"ನನಗೇನು ಅನ್ನೋದು ನಿನಗೆ ಗೊತ್ತಿದ್ರೆ ಈ ಮನೆ ನಿನ್ನ ಕೈಲೇ ಮಾರಿಸ್ತಿದ್ದೆ" ಎಂದು ಮರಿಯಪ್ಪ ಬಾಗಿಲ ಕಡೆ ಕೈ ತೋರಿಸಿದ.

ಆ ದಿನವೆಲ್ಲ ಅವನಿಗೆ ತಾನು ಗೆದ್ದೆ ಎಂದೇ ಅನ್ನಿಸಿತ್ತು. ಮಾರನೆಯ ದಿನ ಲಿಂಗಮ್ಮ ಗೋಡೆಯ ಪಂಚಾಂಗದ ಮುಂದೆ ನಿಂತು ತಿಂಗಳುಗಳನ್ನು ಬೆರಳಲ್ಲಿ ಎಣಿಸಿದಳು. ಎರಡು ಸಲ ಎಣಿಸಿ ಒಳಗೆ ಹೋದಳು. ಆ ಗೂಟಗಳ ನಡುವೆ ನಿಂತು ಒಲೆ ಯಾವ ಕಡೆ ಎಂದು ಕೇಳಿದ ಹೆಂಗಸು ಅವಳು. ಮರಿಯಪ್ಪನಿಗೆ ತನ್ನ ಗೆಲುವು ಅಲ್ಲೇ ಇಳಿದುಹೋಯಿತು.

ಸಂಜೆ ರಾಮಕ್ಕ ಬರುವ ಹೊತ್ತಿಗೆ ಅವನು ಜಗಲಿಯ ಮೇಲೆ ಕಾದಿದ್ದ. ರಾಮಕ್ಕ ಬುಟ್ಟಿ ಇಳಿಸಿ, ಮಂಡಿ ಹಿಡಿದುಕೊಂಡು ಮೆಲ್ಲಗೆ ಕೂತಳು.

"ಮನೆ ಮಾರಿಸ್ತೀನಿ ಅಂದ್ಯಂತೆ" ಎಂದ ಮರಿಯಪ್ಪ, ಬೀದಿಯ ಕಡೆ ನೋಡುತ್ತ.

"ಅಂದಿದ್ದೆ. ನೀವು ಕೋಟು ಹಾಕಿದೋರನ್ನ ಕರೆದ್ರಿ."

"ಈಗ ಕೇಳ್ತಾ ಇದೀನಲ್ಲ. ದಲ್ಲಾಳಿ ದುಡ್ಡು ಎಷ್ಟು?"

"ಎಲ್ಲರಿಗೂ ಕೊಡೋದನ್ನೇ ಕೊಡಿ. ಇನ್ನೊಂದು ಅದೆ. ಅದನ್ನ ಮನೆ ಮಾರಾದ ಮೇಲೆ ಕೇಳ್ತೀನಿ. ಹೇಗೆ ಮಾರ್ತೀಯಾ, ಎಲ್ಲಿ ಕರ್ಕೊಂಡು ಹೋಗ್ತೀಯಾ ಅಂತ ನೀವು ನನ್ನ ಕೇಳಬಾರದು."

ತೆಂಗಿನ ಮರದ ಬೀದಿಯ ಮಾತು ಮರಿಯಪ್ಪನ ನಾಲಿಗೆಯ ತುದಿಗೆ ಬಂದು ನಿಂತಿತು. ಅದನ್ನು ಬಿಟ್ಟು, "ಆಗಲಿ, ಕೇಳಲ್ಲ" ಎಂದ.

"ನೀವು ಕಟ್ಟಿದ ಮನೆ ಒಟ್ಟು ಎಷ್ಟು ಮೇಸ್ತ್ರಿ?" ಎಂದು ರಾಮಕ್ಕ ಕೇಳಿದಳು.

ಇದು ಅವನಿಗೆ ಇಷ್ಟವಾದ ಪ್ರಶ್ನೆ. ಬೆರಳ ಗೆಣ್ಣು ಮುಟ್ಟಿ ಮುಟ್ಟಿ ಎಣಿಸಿದ. ಶ್ರೀಗಂಧದ ಕಾವಲಿನ ಗೌಡರ ಮನೆ, ಮಿಲ್ಲಿನ ಮುನಿಯಣ್ಣನ ಮನೆ, ರಾಜಾಜಿನಗರದ ಹನ್ನೊಂದು ಮನೆ, ಒಂದೊಂದಕ್ಕೂ ಒಂದೊಂದು ಮಾತು. ಕೊನೆಗೆ ಎದೆಯುಬ್ಬಿಸಿ, "ಈ ಮನೆ ಬಿಟ್ಟು ಮೂವತ್ತೊಂದು" ಎಂದ.

ರಾಮಕ್ಕ ಮೊಣಕೈಯಿಂದ ಬೆರಳ ತುದಿಯವರೆಗೆ ಕನಕಾಂಬರ ಅಳೆದು ಕಿತ್ತಳು.

"ಈ ಮನೆ ಬಿಟ್ಟೇ ಮೂವತ್ತೆರಡು" ಎಂದಳು.

ಮರಿಯಪ್ಪ ಎಣಿಸದೆ ಬಿಟ್ಟದ್ದು ಯಾವ ಮನೆಯೆಂದು ಇಬ್ಬರಿಗೂ ಗೊತ್ತಿತ್ತು. ಅವಳು ಹೂವನ್ನು ಲಿಂಗಮ್ಮನ ಕೈಗೆ ಕೊಟ್ಟು ಬುಟ್ಟಿ ಎತ್ತಿಕೊಂಡು ಹೋದಳು.

ಮೂರು ವಾರ ಕಳೆಯಿತು. ಒಂದು ನರಪಿಳ್ಳೆಯೂ ಮನೆ ನೋಡಲು ಬರಲಿಲ್ಲ. ಲಿಂಗಮ್ಮ ದಿನಾ ನಡುಮನೆ ಸಾರಿಸಿ ರಂಗೋಲಿ ಇಟ್ಟದ್ದೇ ಬಂತು. ರಾಮಕ್ಕ ಹೂವು ಕೊಡುತ್ತಾಳೆ, ಮಂಡಿ ನೋವೆನ್ನುತ್ತಾಳೆ, ಹೋಗುತ್ತಾಳೆ. ಮಾತು ಕೊಟ್ಟಿದ್ದರಿಂದ ಮರಿಯಪ್ಪ ಕೇಳುವಂತಿಲ್ಲ. ಕೇಳದೆ ಇರುವುದೂ ಅವನ ಸ್ವಭಾವವಲ್ಲ. ಅವಳು ಹೋದ ಮೇಲೆ ಜಗಲಿಯ ಕಂಬಕ್ಕೆ ಬಯ್ಯುತ್ತಿದ್ದ.

ಒಂದು ಶನಿವಾರ ಲಿಂಗಮ್ಮ ಅಂಗಡಿಯಿಂದ ಬಂದವಳು ಚೀಲ ಇಳಿಸದೆಯೇ ಹೇಳಿದಳು. "ರಾಮಕ್ಕನ್ನ ನೋಡಿದೆ. ಜೊತೇಲಿ ಯಾರೋ ಮೇಷ್ಟರ ಥರ ಇದ್ದೋರು, ಅವರ ಹೆಂಡತಿ."

"ಎಲ್ಲಿ?"

ಲಿಂಗಮ್ಮ ಚೀಲ ಇಳಿಸಿ, "ಬಸವ್ವನ ಮನೆ ಮುಂದೆ" ಎಂದಳು. "ಮೇಲೆ ತಾರಸಿ ಕಡೆ ಕೈ ಮಾಡಿ ತೋರಿಸ್ತಾ ಇದ್ಲು."

ಮೂವತ್ತೊಂದು ಮನೆ ಬಿಟ್ಟು ಅದೊಂದನ್ನೇ ತೋರಿಸಬೇಕೆ? ಹದಿನಾರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಸಿಟ್ಟು ಈಗ ತೀರಿಸಿಕೊಂಡಳು ಎಂದೇ ಅವನಿಗೆ ಖಾತ್ರಿಯಾಯಿತು. ಹದಿನೈದು ಹೆಂಗಸರ ಎದುರಿಗೆ ಎಬ್ಬಿಸಿದ್ದಕ್ಕೆ ಇಡೀ ಪಾಳ್ಯದ ಎದುರಿಗೆ ತನ್ನ ಹೆಸರು ಕೆಡಿಸಿದಳು. ನೋವೆಂದರೆ, ತಪ್ಪು ಅವಳದಲ್ಲ ಎಂಬುದೂ ಅವನಿಗೆ ಗೊತ್ತಿತ್ತು. ರಾತ್ರಿ ಊಟ ಸೇರಲಿಲ್ಲ. ಬೆಳಗ್ಗೆ ಎದ್ದವನೇ ಅಂಗಿ ಹಾಕಿಕೊಂಡು, ಚನ್ನಕೇಶವನ ಕೋಣೆಗೆ ಹೋಗುತ್ತೇನೆ, ಆ ಕಬ್ಬಿಣದವನಿಗೇ ಕೊಟ್ಟುಬಿಡುತ್ತೇನೆ, ಉರುಳಿಸಿದರೆ ಉರುಳಿಸಲಿ ಎಂದು ಹೊಸ್ತಿಲು ದಾಟಿದ.

ಜಗಲಿಯ ಮುಂದೆ ರಾಮಕ್ಕ ನಿಂತಿದ್ದಳು. ಹಿಂದೆ ಕಚ್ಚೆಪಂಚೆ, ಕೋಟು ಹಾಕಿದ್ದ ಒಬ್ಬ ಮೇಷ್ಟ್ರು, ಅವರ ಹೆಂಡತಿ.

"ಇವರು ಚನ್ನವೀರಪ್ಪ ಮೇಷ್ಟ್ರು, ದಾವಣಗೆರೆ ಕಡೆಯೋರು. ಇವರು ಜಗದಾಂಬಮ್ಮ" ಎಂದಳು ರಾಮಕ್ಕ. "ಮನೆ ತಗೋತಾರೆ."

ಮರಿಯಪ್ಪನಿಗೆ ಅರ್ಥವಾಗಲಿಲ್ಲ. "ನೋಡಿಯೇ ಇಲ್ವಲ್ಲ ಮನೇನ" ಎಂದ.

"ನೋಡಿದ್ದೇವೆ ಮೇಸ್ತ್ರಿಗಳೇ" ಎಂದು ಮೇಷ್ಟ್ರು ನಕ್ಕು ಜಗಲಿಯ ಮೇಲೆ ಕೂತರು. "ಮೂರು ವಾರದಿಂದ ನಿಮ್ಮ ಮನೆಗಳನ್ನೇ ನೋಡ್ತಾ ಇದ್ದೇವೆ. ಮೇಸ್ತ್ರಿ ಮನೆ ಆಮೇಲೆ ನೋಡುವಿರಂತೆ, ಮೊದಲು ಮೇಸ್ತ್ರೀನ ನೋಡಿ ಅಂತ ಈಯಮ್ಮ ನಮ್ಮನ್ನ ಬೀದಿ ಬೀದಿ ಸುತ್ತಿಸಿದ್ರು. ಇವರು ಹೂವು ಕೊಡೋ ಮನೆಗಳೇ ಎಲ್ಲ. ನನ್ನ ಹೆಂಡತಿ ಒಳಗೆ ಹೋಗಿ ಹೆಂಗಸರನ್ನ ಕೇಳಿಕೊಂಡು ಬರೋಳು, ನಾನು ಹೊರಗೆ ನಿಂತು ಗೋಡೆ ನೋಡೋದು. ಹನ್ನೆರಡು ಮನೆ ಆಯ್ತು. ಎಲ್ಲರೂ ಒಂದೇ ಮಾತು. ಗೋಡೆ ಬಿರುಕು ಬಿಟ್ಟಿಲ್ಲ, ತಾರಸಿ ಸೋರಿಲ್ಲ. ನಿಜ ಹೇಳ್ತೀನಿ, ನನಗೆ ಅನುಮಾನ ಬಂತು. ಎಲ್ಲರಿಗೂ ಮೊದಲೇ ಹೇಳಿಕೊಟ್ಟಿದ್ದಾರೇನೋ ಅಂತ."

"ಆಮೇಲೆ?" ಎಂದ ಮರಿಯಪ್ಪ.

"ರಾಮಕ್ಕನಿಗೆ ಹೇಳಿದೆ, ಇಷ್ಟು ಮನೆ ಕಟ್ಟಿದೋರದು ಒಂದೂ ಕೆಟ್ಟಿಲ್ವೇನಮ್ಮಾ ಅಂತ. ಒಂದು ಕೆಟ್ಟಿತ್ತು, ಬನ್ನಿ ತೋರಿಸ್ತೀನಿ ಅಂದ್ರು."

ಮರಿಯಪ್ಪ ನೆಲ ನೋಡುತ್ತಿದ್ದ. ಲಿಂಗಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

ಮೇಷ್ಟರ ಹೆಂಡತಿ ಜಗದಾಂಬಮ್ಮ ಮಾತು ತೆಗೆದುಕೊಂಡರು. "ಬಸವ್ವನೋರು ನನ್ನ ಕೈ ಹಿಡಿದು ಒಳಗೆ ಕರ್ಕೊಂಡು ಹೋಗಿ ತೋರಿಸಿದ್ರು. ಮೊದಲ ಮಳೆಗೆ ತೊಟ್ಟಿಲ ಮೇಲೇ ಸೋರಿತಂತೆ. ಅವರು ಬೈದು ಹೇಳಿ ಕಳಿಸಬೇಕು ಅನ್ನೋದ್ರೊಳಗೆ ನೀವೇ ಬಂದಿರಂತೆ, ತಲೆ ಮೇಲೆ ಗೋಣಿಚೀಲ ಹಾಕ್ಕೊಂಡು, ಸುರಿಯೋ ಮಳೇಲಿ. ಮನೆ ಸೋರ್ತಾ ಇದೆಯಾ ತಾಯಿ ಅಂತ ಬಾಗಿಲಲ್ಲಿ ನಿಂತು ಕೇಳಿದ್ರಂತೆ. ಯಾರೂ ಹೇಳಿರಲಿಲ್ಲ, ಮಳೆ ಸದ್ದು ಕೇಳಿ ತಾವೇ ಬಂದ್ರು ಅಂದ್ರು. ಮಳೆ ಬಿಟ್ಟ ಮೇಲೆ ಹಾಕಿದ್ದನ್ನೆಲ್ಲ ಒಡೆದು ತೆಗೆದು, ಕೂಲಿ ಇಲ್ದೆ ನೀವೂ ನಿಮ್ಮ ಮನೆಯೋರೂ ಇಬ್ಬರೇ ಕೂತು ಒಂಬತ್ತು ದಿನ ಬಡಿದ್ರಂತೆ. ಆಮೇಲೆ ಹದಿನಾರು ಮಳೆಗಾಲ ಒಂದು ತೊಟ್ಟು ಬಿದ್ದಿಲ್ಲ."

"ಅವರು ಇನ್ನೊಂದು ಹೇಳಿದ್ರು" ಎಂದರು ಮೇಷ್ಟ್ರು. "ಅವತ್ತಿನಿಂದ ಆ ಮೇಸ್ತ್ರಿ ನಮ್ಮ ಓಣಿಗೇ ಬರಲಿಲ್ಲ, ನಾವೇನು ತಪ್ಪು ಮಾಡಿದ್ವೋ ಅಂತ ಕೇಳಿದ್ರು."

ಆ ಒಂಬತ್ತು ದಿನಗಳನ್ನು ಮರಿಯಪ್ಪ ಎಂದೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಅವನಿಗೆ ನೆನಪಿದ್ದದ್ದು ತೊಟ್ಟಿಲ ಪಕ್ಕದಲ್ಲಿಟ್ಟ ಹಿತ್ತಾಳೆ ಪಾತ್ರೆಗೆ ಬೀಳುತ್ತಿದ್ದ ಹನಿಯ ಸದ್ದು ಮಾತ್ರ.

"ಸೋರದ ಮನೆ ಕಟ್ಟಿದೀವಿ ಅಂತ ಹೇಳೋರು ಬೇಕಾದಷ್ಟು ಜನ ಸಿಗ್ತಾರೆ" ಎಂದರು ಚನ್ನವೀರಪ್ಪ ಮೇಷ್ಟ್ರು. "ಸೋರಿದ ಮೇಲೆ ಕರೆಯದೆ ಬಂದೋರನ್ನ ನಾನು ಕಂಡಿರಲಿಲ್ಲ. ಅಂಥೋರು ತಮಗೆ ಅಂತ ಕಟ್ಟಿಕೊಂಡ ಮನೆ ಇದು. ನನಗೆ ಇನ್ನೇನು ನೋಡೋದಿದೆ? ನೀವು ಕೇಳಿದ ಬೆಲೆ ಕೊಡ್ತೀನಿ."

ಮರಿಯಪ್ಪ ಬೇರೆ ದಿನವಾಗಿದ್ದರೆ ಗೋಡೆ ಕುಟ್ಟಿ ಕಂಚಿನ ಮಾತು ಶುರುಮಾಡುತ್ತಿದ್ದ. ಅಂದು ಎದ್ದು, ಮೇಷ್ಟರನ್ನು ಒಳಗೆ ಕರೆದುಕೊಂಡು ಹೋಗಿ, ಮೊದಲು ಅಡುಗೆಮನೆಯ ಮೂಲೆ ತೋರಿಸಿದ.

"ಈ ಕಿಟಕಿ ಮಳೆಗಾಲದಲ್ಲಿ ಉಬ್ಬಿ ಮುಚ್ಚಲ್ಲ ಸಾರ್. ಹಸಿ ಮರ ಹಾಕಿಬಿಟ್ಟೆ, ನನ್ನದೇ ತಪ್ಪು. ನೀವು ಬರೋದ್ರೊಳಗೆ ಬದಲಾಯಿಸಿಕೊಡ್ತೀನಿ. ಹಿತ್ತಿಲ ಮೆಟ್ಟಿಲು ಒಂದು ಬೆರಳು ಎತ್ತರ ಜಾಸ್ತಿ, ಎಡವೀರಿ. ಇನ್ನು ಬೇರೆ ಏನೂ ಇಲ್ಲ. ಇದ್ದಿದ್ರೆ ಹೇಳ್ತಿದ್ದೆ."

ಹೀಗೆ ಹೇಳುವಾಗ ಅವನಿಗೆ ಗೋಡೆ ಕುಟ್ಟಿದಾಗ ಆಗುತ್ತಿದ್ದುದಕ್ಕಿಂತ ಹೆಚ್ಚು ಹೆಮ್ಮೆಯಾಯಿತು. ಅದೇಕೆ ಎಂದು ಅವನಿಗೇ ಆಶ್ಚರ್ಯ.

ಮೇಷ್ಟ್ರು, ಅವರ ಹೆಂಡತಿ ಹೋದ ಮೇಲೆ ರಾಮಕ್ಕ ಜಗಲಿಯ ಮೇಲೆ ಉಳಿದಳು. ಲಿಂಗಮ್ಮ ಕಾಫಿ ತಂದುಕೊಟ್ಟಳು.

"ಅದನ್ನೇ ಯಾಕೆ ತೋರಿಸಿದೆ?" ಎಂದ ಮರಿಯಪ್ಪ. "ಅವರು ಕೇಳಿದ್ರು ಅಂತ ನನ್ನ ಮಾನ ತೆಗೀಬಹುದಿತ್ತಾ? ತಿರುಗಿ ಹೋಗಿದ್ರೆ?"

"ಮಾನ ಎಲ್ಲಿ ಹೋಗ್ತದೆ ಮೇಸ್ತ್ರಿ? ಆ ಒಂಬತ್ತು ದಿನ ನಾನು ಆ ಬೀದೀಲೇ ಬೇರೆ ಮನೆ ತಾರಸಿ ಬಡೀತಿದ್ದೆ. ನೀವಿಬ್ರೂ ಕೂತು ಬಡಿಯೋದು ನೋಡ್ತಿದ್ದೆ. ನನ್ನನ್ನ ಬಯ್ದು ಎಬ್ಬಿಸಿದ ಸಿಟ್ಟು ಮೂರನೇ ದಿನಕ್ಕೇ ಇಳೀತು. ಆಮೇಲೆ ನೀವೇ ನನ್ನ ಮುಖ ನೋಡೋದು ಬಿಟ್ರಿ, ನಾನೇನು ಮಾಡಲಿ?"

ಮರಿಯಪ್ಪ ಕಾಫಿ ಲೋಟವನ್ನು ಎರಡು ಕೈಯಲ್ಲಿ ಹಿಡಿದು ಕೂತ. "ಸದ್ದು ಮಂಕಾಗೇ ಇತ್ತು ರಾಮಕ್ಕ" ಎಂದ. "ನನಗೂ ಕೇಳಿಸಿತ್ತು. ಮುಹೂರ್ತದ ಭಯಕ್ಕೆ ಸಾಕು ಅಂದೆ. ನೀನು ಹೇಳಿದ್ದು ಸರಿ, ನಾನೇ ತಪ್ಪು ಮಾಡಿದೆ."

ರಾಮಕ್ಕ ತಲೆಯಾಡಿಸಿದಳು. ಹದಿನಾರು ವರ್ಷದ ಮೇಲೆ ಬಂದ ಮಾತು, ಅವಳಿಗೆ ಅಷ್ಟು ಸಾಕಾಯಿತು.

"ಮಾರಾದ ಮೇಲೆ ಇನ್ನೊಂದು ಕೇಳ್ತೀನಿ ಅಂದಿದ್ದೆಯಲ್ಲ, ಏನದು?" ಎಂದು ಲಿಂಗಮ್ಮ ನೆನಪಿಸಿದಳು.

"ಹೊಸ ಮನೆ ತಾರಸಿಗೆ ನನ್ನನ್ನ ಕರೀಬೇಕು" ಎಂದಳು ರಾಮಕ್ಕ. "ಮಂಡಿ ಬಗ್ಗಲ್ಲ, ಬಡಿಯೋಕಾಗಲ್ಲ. ಪಕ್ಕದಲ್ಲಿ ಕೂತಿರ್ತೀನಿ. ಸಾಕು ಅನ್ನೋ ಮಾತು ನಾನು ಹೇಳಬೇಕು. ನಾನು ಹೇಳೋವರೆಗೂ ನಿಲ್ಲಿಸಬಾರದು."

ಯಾವ ಮೇಸ್ತ್ರಿಯೂ ಯಾವತ್ತೂ ಬಿಟ್ಟುಕೊಡದ ಮಾತು ಅದು. ಮರಿಯಪ್ಪ ಒಪ್ಪಿಕೊಂಡ.

ಮಳೆಗಾಲದೊಳಗೆ ಪಾಯ ಮೇಲೆದ್ದಿತು, ದೀಪಾವಳಿಗೆ ಗೋಡೆ. ಸಂಕ್ರಾಂತಿ ಕಳೆದ ಮೇಲೆ ತಾರಸಿ ಹಾಕಿದರು. ಆಗಲೇ ಕೆಲವರು ಸಿಮೆಂಟು ಹಾಕಿ ಎಂದರು, ಮರಿಯಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಹನ್ನೆರಡು ಹೆಂಗಸರು ಸಾಲಾಗಿ ಕೂತರು. ರಾಮಕ್ಕನನ್ನು ಏಣಿಯ ಮೇಲೆ ಹತ್ತಿಸುವುದಕ್ಕೆ ಮುಂದೆ ಮರಿಯಪ್ಪ, ಹಿಂದೆ ಲಿಂಗಮ್ಮ. ಅವಳಿಗೆಂದು ಒಂದು ಮಣೆ ಹಾಕಿಸಿದ್ದ. ಕರಾರಿನ ಗಡುವಿಗೆ ಇನ್ನೂ ಒಂದೂವರೆ ತಿಂಗಳಿತ್ತು, ಗೃಹಪ್ರವೇಶದ ಮುಹೂರ್ತಕ್ಕೆ ಮಾತ್ರ ಒಂಬತ್ತೇ ದಿನ.

ಆರನೇ ದಿನ ಸಂಜೆ ಬಡಿಗೆಗಳು ಪುಟಿಯತೊಡಗಿದವು. ಹೆಂಗಸರು ರಾಮಕ್ಕನ ಕಡೆ ನೋಡಿದರು. ಮರಿಯಪ್ಪನೂ ನೋಡಿದ. ಅವನ ಕಿವಿಗೆ ಸದ್ದು ಚೆನ್ನಾಗೇ ಕೇಳಿಸುತ್ತಿತ್ತು. ರಾಮಕ್ಕ ಮಣೆಯಿಂದ ಬಗ್ಗಿ, ಅಂಗೈ ತಾರಸಿಗೆ ಒತ್ತಿ, ಕಣ್ಣು ಮುಚ್ಚಿ ಕೇಳಿದಳು. ಪಡುವಣ ಮೂಲೆಗೆ ಹೋಗಿ ಅಲ್ಲಿಯೂ ಕೇಳಿದಳು.

"ಇಲ್ಲ ಮೇಸ್ತ್ರಿ. ಈ ಮೂಲೆ ಇನ್ನೂ ಎರಡು ದಿನ ಕೇಳ್ತದೆ. ಆಮೇಲೆ ಒಣಗೋಕೆ ಬಿಡಬೇಕು."

ಸಾಲಿನಲ್ಲಿ ಎಲ್ಲರೂ ಬಡಿಗೆ ಹಿಡಿದು ಕಾದರು. ಮರಿಯಪ್ಪ ತನ್ನ ಜೀವಮಾನದಲ್ಲಿ ಕಟ್ಟಿದ ಯಾವ ಮನೆಯಲ್ಲೂ ಕೂಗದಷ್ಟು ದೊಡ್ಡ ದನಿಯಲ್ಲಿ, ಅಕ್ಕಪಕ್ಕದ ಸೈಟಿನವರಿಗೂ ಕೇಳಿಸುವಂತೆ, "ರಾಮಕ್ಕ ಇನ್ನೂ ಸಾಕು ಅಂದಿಲ್ಲ, ಬಡೀರಮ್ಮಾ" ಎಂದು ಕೂಗಿದ.

ಆಮೇಲೆ ಏಣಿ ಇಳಿದು ಕೈಕಾಲು ತೊಳೆದುಕೊಂಡ. ಮುಹೂರ್ತ ಮುಂದಕ್ಕೆ ಹಾಕಿಸಲು ಪುರೋಹಿತರ ಮನೆಗೆ ಹೋಗಬೇಕಿತ್ತು. ಗೃಹಪ್ರವೇಶಕ್ಕೆ ಕರೆಯದೆ ಉಳಿದಿದ್ದ ಮನೆಯೂ ಒಂದಿತ್ತು. ಎರಡೂ ಒಂದೇ ದಾರಿಯಲ್ಲಿ ಸಿಗುತ್ತಿದ್ದವು. ಸುಣ್ಣದ ಗೂಡಿನ ಕಡೆ ತಿರುಗದೆ ಅವನು ನೇರವಾಗಿ ತೆಂಗಿನ ಮರದ ಬೀದಿಗೆ ನಡೆದ.